ಕುತ್ತಿಗೆಯ ನಳಿಗೆ: ಒಂದು ಸೂಜಿಯ ಇತಿಹಾಸ, ನನ್ನದೊಂದು ಸಹಿ



ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹಿರೇಬೆಂಡಿಗೇರಿಯ ನಮ್ಮ ಮನೆಗೆ ಬಂದಿದ್ದಳು. ಈಗ ಆಕೆ ಬೆಂಗಳೂರಿನಲ್ಲಿ ಅರಿವಳಿಕೆ ತಜ್ಞೆ. ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿದ ನನ್ನ ಅಣ್ಣನ ಭಾವಚಿತ್ರವನ್ನು ಕಂಡು, "ಸರ, ದೊಡ್ಡ ಸಾಹುಕಾರ್ರು ಯಾವಾಗ ಹೋದ್ರಿ?" ಎಂದು ಕೇಳಿದಳು. 2019ರಲ್ಲಿ ಎಂದೆ. ಮಾತಿಗೆ ಮಾತು ಬೆಳೆದು 2008ರಲ್ಲಿ ಅವನಿಗೆ ಹಾವು ಕಚ್ಚಿದ್ದು, ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕುತ್ತಿಗೆಗೆ ನಳಿಗೆ ಹಾಕಲು ಹೋಗಿ ಆದ ಅನಾಹುತ, ಎಲ್ಲವನ್ನೂ ಹೇಳಿದೆ. ಹದಿನೇಳು ವರ್ಷಗಳಿಂದ ಆ ಘಟನೆಯನ್ನು "ಡಾಕ್ಟರರ ಹಲಗತನ" ಎಂದೇ ಹೇಳಿಕೊಂಡು ಬಂದವನು ನಾನು. ಆಕೆ ಚಹದ ಕಪ್ಪನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅನಂತರ, "ಸರ, ಸಿಟ್ಟ ಆಗಬ್ಯಾಡ್ರಿ. ಅದು ಹಲಗತನ ಅಲ್ಲ ಅನಸ್ತದ. ಆ ಕಾಲಕ್ಕ ಎಲ್ಲಾರೂ ಕಣ್ಣ ಕಟ್ಟಿಕೊಂಡ ಚುಚ್ಚತಿದ್ರಿ" ಎಂದಳು.

ಆ ಒಂದು ಮಾತು ನನ್ನನ್ನು ಓದಲು ಹಚ್ಚಿತು. ಸಮಾಜ ವಿಜ್ಞಾನದ ಮಾಸ್ತರನಾದ ನನಗೆ ವೈದ್ಯಶಾಸ್ತ್ರ ತಿಳಿಯದು. ಆದರೆ ಯಾವುದೇ ವಸ್ತುವಿಗೂ ಒಂದು ಇತಿಹಾಸವಿರುತ್ತದೆ, ಆ ಇತಿಹಾಸವನ್ನು ಬಿಡಿಸಿ ನೋಡಿದರೆ ವಸ್ತುವೂ ಅರ್ಥವಾಗುತ್ತದೆ ಎಂದು ನಿಮಗೆಲ್ಲ ಬೋಧಿಸಿದವನು ನಾನೇ. ಆಕೆ ಕಳಿಸಿಕೊಟ್ಟ ಬರಹಗಳನ್ನು ಓದಿ, ತಿಳಿಯದಲ್ಲಿ ಫೋನಿನಲ್ಲಿ ಕೇಳಿ, ನನಗೆ ದಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಘಟನೆಯನ್ನೇ ಹೇಳಿಬಿಡುತ್ತೇನೆ.

2008ರ ಅಕ್ಟೋಬರ್ ತಿಂಗಳು. ಶೀಗಿ ಹುಣ್ಣಿಮೆಯ ಚರಗ ಚೆಲ್ಲಿ ಎರಡು ದಿನವಾಗಿತ್ತು. ಅಣ್ಣ ಹೊಲದಲ್ಲಿ ಗೋವಿನಜೋಳದ ತೆನೆ ಮುರಿಯುತ್ತಿದ್ದಾಗ ಬಲಗಾಲಿನ ಹಿಮ್ಮಡಿಯ ಮೇಲೆ ಕೊಳಕುಮಂಡಲ ಕಚ್ಚಿತು. ಶಿಗ್ಗಾಂವಿಯ ದವಾಖಾನೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಕೊಟ್ಟು, ಹೆದ್ದಾರಿಯ ಮೇಲೆ ಹುಬ್ಬಳ್ಳಿಗೆ ಕಳಿಸಿದರು. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಅದನ್ನು ಪರೀಕ್ಷಿಸುವ ವಿಧಾನ ಬಹು ಸರಳವಾದದ್ದು. ಒಂದು ಸ್ವಚ್ಛವಾದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ, ಆಮೇಲೆ ವಾರೆ ಮಾಡಿ ನೋಡುತ್ತಾರೆ. ಹೆಪ್ಪಾಗಿದ್ದರೆ ಒಳ್ಳೆಯದು, ನೀರಿನಂತೆ ಹರಿದರೆ ವಿಷ ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ. ಅಣ್ಣನ ರಕ್ತ ಮೊದಲ ಎರಡು ಸಲ ಹರಿಯಿತು. ಮೂರನೆಯ ಸಲ ಹೆಪ್ಪುಗಟ್ಟಿದಾಗ ನಾವೆಲ್ಲ ಗೆದ್ದೆವೆಂದುಕೊಂಡೆವು. ಆದರೆ ಅಷ್ಟರಲ್ಲಿ ಮೂತ್ರ ನಿಂತುಹೋಗಿತ್ತು. ಮೂತ್ರಪಿಂಡಗಳು ಕೈಕೊಟ್ಟಿದ್ದವು. ಡಯಾಲಿಸಿಸ್ ಮಾಡಬೇಕೆಂದರು.

ಡಯಾಲಿಸಿಸ್ ಯಂತ್ರ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ರಕ್ತವನ್ನು ಹೊರಗೆ ಎಳೆದು, ತೊಳೆದು, ಮರಳಿ ಒಳಗೆ ಬಿಡುತ್ತದೆ. ಮುಂಗೈಗೆ ಹಾಕುವ ಸಲೈನಿನ ಸಣ್ಣ ಸೂಜಿಯಿಂದ ಅಷ್ಟು ರಕ್ತ ಬರಲಾರದು. ಅದಕ್ಕೆ ಹೃದಯದ ಸಮೀಪದ, ಇಲ್ಲವೆ ತೊಡೆಯ ಸಂದಿನ ದೊಡ್ಡ ಅಭಿಧಮನಿಗೇ ನಳಿಗೆ ಹಾಕಬೇಕು. ಇದನ್ನೇ ಆಸ್ಪತ್ರೆಗಳಲ್ಲಿ ಸೆಂಟ್ರಲ್ ಲೈನ್ ಅಥವಾ ಕ್ಯಾಥೆಟರ್ ಎನ್ನುತ್ತಾರೆ. ನಮ್ಮೂರ ಜನ "ಕುತ್ತಿಗಿಗೆ ಪೈಪ್ ಹಾಕ್ಯಾರ" ಎನ್ನುವುದೂ ಇದನ್ನೇ. ಡಯಾಲಿಸಿಸ್‌ಗೆ ಮಾತ್ರವಲ್ಲ, ರಕ್ತದೊತ್ತಡ ತೀರ ಕುಸಿದವರಿಗೆ ಕೊಡುವ ತೀಕ್ಷ್ಣ ಔಷಧಿಗಳಿಗೂ, ಬಾಯಿಯಿಂದ ಉಣ್ಣಲಾಗದವರ ಆಹಾರಕ್ಕೂ ಇದೇ ದಾರಿ.

ಅಣ್ಣನಿಗೆ ಮೊದಲು ಬಲ ತೊಡೆಯ ಸಂದಿನಲ್ಲಿ ಹಾಕಿದರು. ಅದು ಸರಾಗವಾಗಿ ಹೋಯಿತು. ಆರನೆಯ ದಿನ ಡಯಾಲಿಸಿಸ್ ನಡೆಯುತ್ತಿರುವಾಗಲೇ ಮೈ ನಡುಗಿ ಜ್ವರ ಬಂತು. ನಳಿಗೆಗೆ ಸೋಂಕು ತಗುಲಿದೆ, ತೆಗೆದು ಕುತ್ತಿಗೆಗೆ ಹಾಕಬೇಕು ಎಂದರು. ಒಂದು ಕಾಗದ ತಂದು ನನ್ನ ಮುಂದೆ ಹಿಡಿದರು. ಅಣ್ಣನ ಮಗ ಹತ್ತಿರದಲ್ಲೇ ಇದ್ದ, ಅತ್ತಿಗೆ ಇದ್ದರು. ಆದರೂ ನಾನು ಮಾಸ್ತರನೆಂದು ಕಾಗದ ನನ್ನ ಬಳಿಗೇ ಬಂತು. ಒತ್ತೊತ್ತಾದ ಇಂಗ್ಲಿಷ್ ಅಕ್ಷರಗಳು. ನಾನು ಓದಲಿಲ್ಲ. ಕೆಳಗೆ ಗೆರೆ ಎಳೆದಲ್ಲಿ ಸಹಿ ಮಾಡಿದೆ. "ಪ್ರಶ್ನೆಯನ್ನು ಎರಡು ಸಲ ಓದಿ, ಆಮೇಲೆ ಪೆನ್ನು ಮುಟ್ಟಿರಿ" ಎಂದು ಮೂವತ್ತಕ್ಕೂ ಹೆಚ್ಚು ವರ್ಷ ನಿಮ್ಮ ತಲೆ ತಿಂದವನು ಹೀಗೆ ಮಾಡಿದೆ.

ಅರ್ಧ ಗಂಟೆಯ ಮೇಲೆ ಒಳಗೆ ಗಡಿಬಿಡಿ ಕೇಳಿಸಿತು. ಪರದೆ ಸರಿದಾಗ ಕಂಡದ್ದು ಇಷ್ಟು. ಅಣ್ಣನ ಕುತ್ತಿಗೆಯ ಬಲಭಾಗ ಬದನೆಕಾಯಿಯಷ್ಟು ಊದಿತ್ತು. ಹಾಸಿಗೆಯ ಮೇಲೆಲ್ಲ ಕೆಂಪು ರಕ್ತ. ಇನ್ನೂ ಮೀಸೆ ಸರಿಯಾಗಿ ಮೂಡದಂತಿದ್ದ ಒಬ್ಬ ತರುಣ ವೈದ್ಯ ಎರಡೂ ಕೈಗಳಿಂದ ಆ ಊತವನ್ನು ಒತ್ತಿ ಹಿಡಿದು ನಿಂತಿದ್ದ. ಅಣ್ಣನ ಮಗ ಒಳಗೆ ನುಗ್ಗಿ ಅವನ ಅಂಗಿಯ ಕೊರಳಪಟ್ಟಿ ಹಿಡಿದ. "ಕೊಂದ್ರಲ್ಲೋ ನಮ್ಮಪ್ಪನ್ನ!" ಎಂದು ಕೂಗಿದ. ಆ ತರುಣ ಏನೂ ಅನ್ನಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಕೊರಳು ಎಳೆದಾಡುತ್ತಿದ್ದರೂ ಒತ್ತಿಕೊಂಡೇ ನಿಂತಿದ್ದ. ನಾನು ಬಾಗಿಲಲ್ಲಿದ್ದೆ. ಬಿಡಿಸಬಹುದಾಗಿತ್ತು, ಬಿಡಿಸಲಿಲ್ಲ. ನರ್ಸ್ ಒಬ್ಬರು ಮತ್ತು ವಾರ್ಡಿನ ಆಯಾ ಸೇರಿ ಹುಡುಗನನ್ನು ಹೊರಗೆ ತಂದರು. (ಇದನ್ನು ಬರೆಯುವ ಮುನ್ನ ಅವನ ಒಪ್ಪಿಗೆ ಕೇಳಿದ್ದೇನೆ. "ಬರಿ ಕಾಕಾ, ಇದ್ದದ್ದ ಇದ್ದಂಗ ಬರಿ" ಎಂದ.)

ಏನಾಗಿತ್ತೆಂಬುದು ನನಗೆ ಈಗ ತಿಳಿದಿದೆ. ನಮ್ಮ ಆಡುಮಾತಿನಲ್ಲಿ ಎಲ್ಲವೂ "ನರ"ವೇ. ಸೂಜಿ ಚುಚ್ಚುವುದೂ ನರಕ್ಕೆ, ನಾಡಿ ನೋಡುವುದೂ ನರದಲ್ಲಿ, ಜುಮ್ಮೆನ್ನುವುದೂ ನರವೇ. ಪಠ್ಯಪುಸ್ತಕವು ಹೃದಯದಿಂದ ರಕ್ತ ಒಯ್ಯುವುದಕ್ಕೆ ಅಪಧಮನಿ ಎಂದೂ, ಹೃದಯಕ್ಕೆ ಮರಳಿಸುವುದಕ್ಕೆ ಅಭಿಧಮನಿ ಎಂದೂ ಹೆಸರಿಟ್ಟಿದೆ. ವಿಜ್ಞಾನದ ಮಾಸ್ತರರು ರಜೆಯಲ್ಲಿದ್ದಾಗ ನಾನು ಆ ಪಾಠ ಮಾಡಿದ್ದುಂಟು, ಎರಡನ್ನೂ ಅದಲುಬದಲು ಹೇಳಿ ಒಬ್ಬ ಚುರುಕು ಹುಡುಗಿಯಿಂದ ತಿದ್ದಿಸಿಕೊಂಡದ್ದೂ ಉಂಟು. ಕುತ್ತಿಗೆಯಲ್ಲಿ ಈ ಎರಡೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಮಿದುಳಿಗೆ ಹೋಗುವ ಅಪಧಮನಿ ಒಂದು, ಮಿದುಳಿನಿಂದ ಬರುವ ಅಭಿಧಮನಿ ಇನ್ನೊಂದು. ಕೆಲವರಲ್ಲಿ ಒಂದರ ಮೇಲೊಂದು ಬಿದ್ದಿರುವುದೂ ಉಂಟು. ಅಭಿಧಮನಿಯ ಗೋಡೆ ತೆಳು, ರಕ್ತದ ಒತ್ತಡ ಕಡಿಮೆ. ಅಪಧಮನಿಯಲ್ಲಿ ಹೃದಯದ ಪೂರ್ತಿ ಒತ್ತಡವಿರುತ್ತದೆ. ಅಣ್ಣನಿಗೆ ಸೂಜಿ ಒಂದು ಕೂದಲೆಳೆಯಷ್ಟು ಒಳಗೆ ಸರಿದು ಅಪಧಮನಿಯನ್ನು ಹೊಕ್ಕಿತ್ತು. ವಿಷದಿಂದ ಈಗಷ್ಟೇ ಚೇತರಿಸಿಕೊಂಡ ರಕ್ತ, ಮೂತ್ರಪಿಂಡ ಕೆಟ್ಟದ್ದರಿಂದ ಸರಿಯಾಗಿ ಅಂಟದ ರಕ್ತಕಣಗಳು, ಯಂತ್ರ ಕಟ್ಟಿಕೊಳ್ಳದಿರಲೆಂದು ಕೊಡುವ ಹೆಪಾರಿನ್ ಔಷಧಿ. ಇಷ್ಟು ಸೇರಿದ ಮೇಲೆ ಊತ ಬಾರದೆ ಇನ್ನೇನಾಗುತ್ತದೆ?

ಈಗ ಸೂಜಿಯ ಹಿಂದಿನ ಕಥೆಗೆ ಬರುತ್ತೇನೆ.

1929ರಲ್ಲಿ ಜರ್ಮನಿಯ ಬರ್ಲಿನ್ ನಗರದ ಸಮೀಪದ ಎಬರ್ಸ್‌ವಾಲ್ಡ್ ಎಂಬ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯನಿದ್ದ. 1904ರಲ್ಲಿ ಹುಟ್ಟಿದವನು, ಅಂದರೆ 25ರ ಆಸುಪಾಸು. ತುರ್ತು ಹೊತ್ತಿನಲ್ಲಿ ಔಷಧಿಯನ್ನು ನೇರವಾಗಿ ಹೃದಯಕ್ಕೆ ತಲುಪಿಸಲು ಕೈಯ ಅಭಿಧಮನಿಯಿಂದಲೇ ಒಂದು ನಳಿಗೆಯನ್ನು ಒಳಗೆ ತಳ್ಳಬಹುದೆಂಬುದು ಅವನ ಯೋಚನೆ. ಹೃದಯವನ್ನು ಮುಟ್ಟಿದರೆ ಮನುಷ್ಯ ಸತ್ತೇಹೋಗುತ್ತಾನೆಂಬುದು ಆ ಕಾಲದ ನಂಬಿಕೆ. ಮೇಲಧಿಕಾರಿ ಅನುಮತಿ ಕೊಡಲಿಲ್ಲ. ಶಸ್ತ್ರಚಿಕಿತ್ಸೆಯ ಉಪಕರಣಗಳ ಕೀಲಿಕೈ ಇದ್ದದ್ದು ಗೆರ್ಡಾ ಡಿಟ್ಸೆನ್ ಎಂಬ ನರ್ಸ್ ಬಳಿ. ಫೋರ್ಸ್‌ಮನ್ ಆಕೆಗೆ ಎಲ್ಲವನ್ನೂ ವಿವರಿಸಿದ. ಆಕೆ ಉಪಕರಣ ಕೊಡುವುದಷ್ಟೇ ಅಲ್ಲ, ಪ್ರಯೋಗವನ್ನು ತನ್ನ ಮೇಲೆಯೇ ಮಾಡೆಂದು ಮುಂದಾದಳು. ಆತ ಆಕೆಯನ್ನು ಮೇಜಿಗೆ ಕಟ್ಟಿ, ಆಕೆಯ ಕೈಗೆ ಮಾಡುವಂತೆ ನಟಿಸಿ, ತನ್ನದೇ ಎಡಗೈಯ ಅಭಿಧಮನಿಯನ್ನು ತೆರೆದು, ಮೂತ್ರನಾಳಕ್ಕೆ ಬಳಸುವ ತೆಳ್ಳನೆಯ ನಳಿಗೆಯನ್ನು 65 ಸೆಂಟಿಮೀಟರಿನಷ್ಟು ಒಳಗೆ ತಳ್ಳಿದ. ಆಮೇಲೆ ಆಕೆಯ ಕಟ್ಟು ಬಿಚ್ಚಿ, ಇಬ್ಬರೂ ಮೆಟ್ಟಿಲಿಳಿದು ಎಕ್ಸ್‌ರೇ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದರು. ನಳಿಗೆಯ ತುದಿ ಹೃದಯದೊಳಗೆ ಕಂಡಿತು.

ಮೆಚ್ಚುಗೆಗಿಂತ ಅವನಿಗೆ ಬೈಗುಳವೇ ಹೆಚ್ಚು ಸಿಕ್ಕಿತು. ಆತ ಮುಂದೆ ಮೂತ್ರರೋಗಗಳ ವೈದ್ಯನಾಗಿ ಬದುಕಿದ. ನಾಜಿ ಪಕ್ಷವನ್ನು ಸೇರಿದ್ದು ಅವನ ಬಾಳಿನ ಇನ್ನೊಂದು ಮುಖ, ಅದನ್ನು ಮುಚ್ಚಿಟ್ಟು ಬರೆಯಲಾಗದು. 1956ರಲ್ಲಿ ಅಮೆರಿಕೆಯಲ್ಲಿದ್ದ ಕೂರ್ನಾಂಡ್ ಮತ್ತು ರಿಚರ್ಡ್ಸ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಫೋರ್ಸ್‌ಮನ್ನನ ಧೈರ್ಯವಲ್ಲ. ನಳಿಗೆ ಯಾರ ಮೈಯೊಳಗೆ ಹೋಗಲಿತ್ತೋ ಅವರಿಗೆ ಅದರ ಅಪಾಯ ತಿಳಿದಿತ್ತು. ಡಿಟ್ಸೆನ್ನಳಿಗೆ ತಿಳಿದಿತ್ತು, ಫೋರ್ಸ್‌ಮನ್ನನಿಗೂ ತಿಳಿದಿತ್ತು. ಎಂಟು ದಶಕಗಳ ಅನಂತರ ಹುಬ್ಬಳ್ಳಿಯಲ್ಲಿ ಮಲಗಿದ್ದ ನನ್ನ ಅಣ್ಣನಿಗೆ ತಿಳಿದಿರಲಿಲ್ಲ.

ಮುಂದಿನ ಹೆಜ್ಜೆಗಳನ್ನು ಬೇಗ ಹೇಳುತ್ತೇನೆ. 1952ರಲ್ಲಿ ಫ್ರಾನ್ಸಿನ ರೋಬೆರ್ ಓಬಾನಿಯಾಕ್ ಎಂಬ ವೈದ್ಯ ಕೊರಳೆಲುಬಿನ ಕೆಳಗಿನಿಂದ ಚುಚ್ಚಿ ದೊಡ್ಡ ಅಭಿಧಮನಿಯನ್ನು ತಲುಪುವ ವಿಧಾನವನ್ನು ಪ್ರಕಟಿಸಿದರು. ರಕ್ತ ಕಳೆದುಕೊಂಡವರ ಕೈಕಾಲುಗಳ ಅಭಿಧಮನಿಗಳು ಕುಸಿದು ಹೋಗಿ ಸೂಜಿಗೆ ಸಿಗುವುದಿಲ್ಲ. ಆದರೆ ಕೊರಳೆಲುಬಿನ ಕೆಳಗಿನದು ಸುತ್ತಲ ಅಂಗಾಂಶಕ್ಕೆ ಅಂಟಿಕೊಂಡಿರುವುದರಿಂದ ಕುಸಿಯುವುದಿಲ್ಲ. ಮರು ವರ್ಷ, 1953ರಲ್ಲಿ, ಸ್ವೀಡನ್ನಿನ ಎಕ್ಸ್‌ರೇ ತಜ್ಞ ಸ್ವೆನ್ ಇವಾರ್ ಸೆಲ್ಡಿಂಗರ್ ಇನ್ನೂ ದೊಡ್ಡ ಉಪಕಾರ ಮಾಡಿದರು. ಅದುವರೆಗೆ ನಳಿಗೆ ದಪ್ಪವಾಗಿದ್ದರೆ ಸೂಜಿ ಅದಕ್ಕಿಂತ ದಪ್ಪವಿರಬೇಕಾಗಿತ್ತು, ಇಲ್ಲವೆ ಚರ್ಮ ಕೊಯ್ಯಬೇಕಾಗಿತ್ತು. ಸೆಲ್ಡಿಂಗರ್ ಸಣ್ಣ ಸೂಜಿ ಚುಚ್ಚಿ, ಅದರೊಳಗಿಂದ ತೆಳ್ಳನೆಯ ಬಳುಕುವ ತಂತಿಯನ್ನು ಇಳಿಬಿಟ್ಟು, ಸೂಜಿಯನ್ನು ಹೊರತೆಗೆದು, ದಾರದ ಮೇಲೆ ಮಣಿ ಜಾರುವಂತೆ ತಂತಿಯ ಮೇಲೆ ನಳಿಗೆಯನ್ನು ಜಾರಿಸಿ, ಕೊನೆಗೆ ತಂತಿಯನ್ನು ಎಳೆದುಕೊಂಡರು. ಅವರು ಇದನ್ನು ಮಾಡಿದ್ದು ಅಪಧಮನಿಗಳ ಚಿತ್ರ ತೆಗೆಯುವುದಕ್ಕೆ. ಇಂದು ಜಗತ್ತಿನ ಯಾವ ಆಸ್ಪತ್ರೆಯಲ್ಲಿ ಈ ನಳಿಗೆ ಹಾಕಿದರೂ ಸಾಮಾನ್ಯವಾಗಿ ಇದೇ ಕ್ರಮ. (ತಂತಿಯನ್ನು ಎಳೆದುಕೊಳ್ಳಲು ಮರೆತು ಅದು ಒಳಗೇ ಜಾರಿಹೋದ ಪ್ರಸಂಗಗಳೂ ವೈದ್ಯಕೀಯ ಬರಹಗಳಲ್ಲಿವೆ ಎಂದು ಓದಿ ಬೆಚ್ಚಿದೆ.)

ಡಯಾಲಿಸಿಸ್‌ನ ಕಥೆ ಇದಕ್ಕೆ ಬಂದು ಸೇರುವುದು 1961ರಲ್ಲಿ. ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಕೃತಕ ಮೂತ್ರಪಿಂಡವನ್ನು ಕಟ್ಟಿದ್ದರು. ಆದರೆ ಪ್ರತಿ ಸಲವೂ ರಕ್ತನಾಳವನ್ನು ಕೊಯ್ದು ತೆರೆಯಬೇಕಾಗಿತ್ತು. ಹೀಗೆ ಕೊಯ್ಯುತ್ತ ಹೋದರೆ ಕೊಯ್ಯಲು ಜಾಗವೇ ಉಳಿಯದು. 1960ರಲ್ಲಿ ಅಮೆರಿಕೆಯ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಗೆ ಕಾಯಂ ಟೆಫ್ಲಾನ್ ಕೊಳವೆ ಜೋಡಿಸುವ ಉಪಾಯ ಕಂಡರು. ಮರು ವರ್ಷ ಲಂಡನ್ನಿನ ಸ್ಟ್ಯಾನ್ಲಿ ಶಾಲ್ಡನ್ ಸೆಲ್ಡಿಂಗರರ ತಂತಿಯ ಕ್ರಮದಿಂದ ತೊಡೆಯ ಸಂದಿನಲ್ಲಿ ನಳಿಗೆ ಹಾಕಿ ಡಯಾಲಿಸಿಸ್ ನಡೆಸಿದರು. ಅಣ್ಣನಿಗೆ ಮೊದಲು ಹಾಕಿದ್ದು ಆ ಶಾಲ್ಡನ್ ನಳಿಗೆಯ ಮೊಮ್ಮಗನೇ. ಹಾವು ಕಚ್ಚಿದವರಿಗೆ ತೊಡೆಯನ್ನು ಆರಿಸುವುದಕ್ಕೆ ಒಂದು ಕಾರಣವಿದೆ ಎಂದು ನನ್ನ ವಿದ್ಯಾರ್ಥಿನಿ ಹೇಳಿದಳು. ಅಲ್ಲಿ ತಪ್ಪಿ ಅಪಧಮನಿಗೆ ಚುಚ್ಚಿದರೂ ಕೈಯಿಂದ ಒತ್ತಿ ರಕ್ತ ನಿಲ್ಲಿಸಬಹುದು. ಕೊರಳೆಲುಬಿನ ಕೆಳಗಿನದನ್ನು ಒತ್ತಲು ಎಲುಬೇ ಅಡ್ಡ ಬರುತ್ತದೆ.

ಹಾಗಾದರೆ ಎಲ್ಲರಿಗೂ ತೊಡೆಯಲ್ಲೇ ಹಾಕಬಾರದೇಕೆ? ನಾನೂ ಹಾಗೆಯೇ ಕೇಳಿದೆ. ತೊಡೆಯ ಸಂದಿನಲ್ಲಿ ಸೋಂಕು ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ಭಯ ಹೆಚ್ಚು. ಕೊರಳೆಲುಬಿನ ಕೆಳಗೆ ಅವೆರಡೂ ಕಡಿಮೆ, ಆದರೆ ಶ್ವಾಸಕೋಶದ ತುದಿ ಅಲ್ಲೇ ಹತ್ತಿರವಿರುತ್ತದೆ. ಸೂಜಿ ಅದಕ್ಕೆ ತಾಗಿದರೆ ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಮುದುಡುತ್ತದೆ, ಆಗ ಪಕ್ಕೆಯಲ್ಲಿ ಇನ್ನೊಂದು ನಳಿಗೆ ಹಾಕಿ ಗಾಳಿ ತೆಗೆಯಬೇಕು. 2015ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು ಮೂರೂ ಜಾಗಗಳನ್ನು ಹೋಲಿಸಿತು. ಚುಚ್ಚುವಿಕೆಯಿಂದಲೇ ಆಗುವ ಗಂಭೀರ ತೊಂದರೆ ಕೊರಳೆಲುಬಿನ ಕೆಳಗೆ 100ಕ್ಕೆ 2.1, ಕುತ್ತಿಗೆಯಲ್ಲಿ 1.4, ತೊಡೆಯಲ್ಲಿ 0.7. ಸೋಂಕು ಮತ್ತು ಹೆಪ್ಪಿನ ಲೆಕ್ಕದಲ್ಲಿ ಕೊರಳೆಲುಬಿನ ಕೆಳಗಿನ ಜಾಗವೇ ಎಲ್ಲಕ್ಕಿಂತ ಮೇಲು. ಅದರಲ್ಲಿಯೂ ಡಯಾಲಿಸಿಸ್ ನಳಿಗೆಯನ್ನು ಕೊರಳೆಲುಬಿನ ಕೆಳಗೆ ಹಾಕಿದರೆ ಆ ಅಭಿಧಮನಿ ಮುಂದೆ ಕಿರಿದಾಗುತ್ತದೆಂದು ಕಂಡುಬಂದು, ಅದನ್ನು ಆದಷ್ಟು ಬಿಡುತ್ತಾರೆ. ಅಂದರೆ ಅಪಾಯವಿಲ್ಲದ ಜಾಗವೇ ಇಲ್ಲ. ಯಾವ ರೋಗಿಗೆ ಯಾವ ಅಪಾಯ ತಡೆದೀತು ಎಂಬುದನ್ನು ತೂಗಿ ನೋಡುವುದಷ್ಟೇ ಉಳಿಯುವುದು. ತೊಡೆಯ ನಳಿಗೆಯಲ್ಲಿ ಅಣ್ಣನಿಗೆ ನಡುಕ ಜ್ವರ ಬಂದದ್ದು, ಕುತ್ತಿಗೆಯಲ್ಲಿ ಊತ ಬಂದದ್ದು, ಎರಡೂ ಈ ತಕ್ಕಡಿಯ ಎರಡು ತಟ್ಟೆಗಳು.

ಇನ್ನು "ಕಣ್ಣು ಕಟ್ಟಿಕೊಂಡು" ಎಂಬ ಮಾತು. ಕುತ್ತಿಗೆಯ ಮಾಂಸಖಂಡವೊಂದು ಕೆಳಗೆ ಎರಡಾಗಿ ಕವಲೊಡೆದು ಒಂದು ತ್ರಿಕೋನ ಮಾಡುತ್ತದೆ. ನೀವು ಕನ್ನಡಿಯ ಮುಂದೆ ತಲೆ ಪಕ್ಕಕ್ಕೆ ತಿರುಗಿಸಿದರೆ ನಿಮ್ಮದೇ ಕುತ್ತಿಗೆಯಲ್ಲಿ ಕಾಣಬಹುದು. ವೈದ್ಯರು ಒಂದು ಕೈಯ ಬೆರಳಿನಿಂದ ಅಪಧಮನಿಯ ಮಿಡಿತವನ್ನು ಹಿಡಿದುಕೊಂಡು, ಅದರ ಹೊರಮಗ್ಗುಲಿಗೆ ಇನ್ನೊಂದು ಕೈಯಿಂದ ಸೂಜಿ ಚುಚ್ಚುತ್ತಿದ್ದರು. ಕಪ್ಪಾದ ರಕ್ತ ನಿಧಾನವಾಗಿ ಬಂದರೆ ಅಭಿಧಮನಿ, ಕೆಂಪಾಗಿ ಚಿಮ್ಮಿದರೆ ತಪ್ಪಿತೆಂದು ಅರ್ಥ. ಹೊಲದಲ್ಲಿ ತೆಂಗಿನಕಾಯಿ ಹಿಡಿದು ಬೋರ್‌ವೆಲ್ ಪಾಯಿಂಟ್ ತೋರಿಸುವವರಿಗಿಂತ ಇದು ಎಷ್ಟೋ ಪಾಲು ಶಾಸ್ತ್ರೀಯ, ಆದರೂ ಒಳಗಿನದು ಕಣ್ಣಿಗೆ ಕಾಣದು ಎಂಬುದು ಮಾತ್ರ ಎರಡಕ್ಕೂ ಸಮ.

ಕಾಣಿಸುವ ಉಪಾಯ ಬಂದದ್ದು ಅಲ್ಟ್ರಾಸೌಂಡಿನಿಂದ. 1978ರ ಸುಮಾರಿಗೆ ಶಬ್ದದಿಂದ ಅಭಿಧಮನಿಯನ್ನು ಗುರುತಿಸುವ ಪ್ರಯತ್ನ ನಡೆಯಿತು. 1980ರ ದಶಕದಲ್ಲಿ ಪರದೆಯ ಮೇಲೆ ಚಿತ್ರ ನೋಡುತ್ತಲೇ ಚುಚ್ಚುವುದು ಸಾಧ್ಯವಾಯಿತು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್ ಎಲ್ಲರಿಗೂ ಗೊತ್ತು, ಅದೇ ಯಂತ್ರದ ಸಣ್ಣ ಒಡಹುಟ್ಟು. ಕುತ್ತಿಗೆಯ ಮೇಲಿಟ್ಟರೆ ಎರಡು ಕಪ್ಪು ಬಿಲ್ಲೆಗಳು ಕಾಣುತ್ತವೆ. ಮೆಲ್ಲಗೆ ಒತ್ತಿದರೆ ಒಂದು ಚಪ್ಪಟೆಯಾಗುತ್ತದೆ, ಅದು ಅಭಿಧಮನಿ. ಇನ್ನೊಂದು ದುಂಡಗೇ ಉಳಿದು ಮಿಡಿಯುತ್ತದೆ, ಅದು ಅಪಧಮನಿ. 2002ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ಕುತ್ತಿಗೆಯ ನಳಿಗೆಗೆ ಇದನ್ನೇ ಮೊದಲ ಆಯ್ಕೆಯಾಗಿ ಬಳಸಬೇಕೆಂದು ಸೂಚಿಸಿತು. ಅಣ್ಣನ ಘಟನೆ ನಡೆದದ್ದು ಅದಾದ ಆರು ವರ್ಷಕ್ಕೆ. ನಾವಿದ್ದ ಆಸ್ಪತ್ರೆಯ ಆ ವಾರ್ಡಿನಲ್ಲಿ ಅಂಥ ಯಂತ್ರವನ್ನು ನಾನು ನೋಡಲಿಲ್ಲ. ಲಂಡನ್ನಿನ ಸೂಚನೆ ನಮ್ಮ ಮಂಚದ ಬಳಿಗೆ ಬರಲು ಹಿಡಿಯುವ ಕಾಲವಿದೆಯಲ್ಲ, ಆ ಕಾಲದಲ್ಲಿ ಅಣ್ಣ ಸಿಕ್ಕಿಬಿದ್ದಿದ್ದ. ಆ ತರುಣ ವೈದ್ಯನೂ ಅಲ್ಲೇ ಸಿಕ್ಕಿಬಿದ್ದಿದ್ದ ಎಂಬುದು ನನಗೆ ಈಗ ಹೊಳೆಯುತ್ತಿದೆ.

ಸೋಂಕಿನ ಇತಿಹಾಸ ಇನ್ನೂ ಸ್ವಾರಸ್ಯದ್ದು, ಏಕೆಂದರೆ ಅಲ್ಲಿ ಯಂತ್ರವೇ ಬೇಕಾಗಲಿಲ್ಲ. ಅಮೆರಿಕೆಯ ಮಿಷಿಗನ್ ರಾಜ್ಯದಲ್ಲಿ ಪೀಟರ್ ಪ್ರೊನೊವೋಸ್ಟ್ ಎಂಬ ವೈದ್ಯರ ತಂಡ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಒಂದು ಸಣ್ಣ ಪಟ್ಟಿಯನ್ನು ಜಾರಿಗೆ ತಂದಿತು. ಕೈ ತೊಳೆಯುವುದು, ರೋಗಿಯ ಮೈಯನ್ನು ಪೂರ್ತಿ ಮುಚ್ಚಿ ವೈದ್ಯರೂ ನಿಲುವಂಗಿ ಮುಖಗವಸು ಧರಿಸುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸುವುದು, ಸಾಧ್ಯವಾದಷ್ಟು ತೊಡೆಯನ್ನು ಬಿಡುವುದು, ಅಗತ್ಯ ತೀರಿದ ಕೂಡಲೇ ನಳಿಗೆ ತೆಗೆಯುವುದು. ಇಷ್ಟೇ. 2006ರ ಕೊನೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 1000 ನಳಿಗೆ-ದಿನಗಳಿಗೆ ಸರಾಸರಿ 7.7 ಇದ್ದ ರಕ್ತದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು. ನಳಿಗೆ-ದಿನ ಎಂದರೆ ಒಬ್ಬ ರೋಗಿಯ ಮೈಯಲ್ಲಿ ಒಂದು ನಳಿಗೆ ಒಂದು ದಿನ ಇರುವುದು. ಮರು ವರ್ಷ ಭಾರತದ ಏಳು ನಗರಗಳ ಇಂಥ ಘಟಕಗಳ ಲೆಕ್ಕವೂ ಪ್ರಕಟವಾಯಿತು. ಅಲ್ಲಿ ಅದು 1000ಕ್ಕೆ ಸುಮಾರು 8.

ಆ ಪಟ್ಟಿಗಿಂತ ನನಗೆ ದೊಡ್ಡದೆನಿಸಿದ್ದು ಅದರ ಜೊತೆಗಿದ್ದ ಒಂದು ನಿಯಮ. ವೈದ್ಯರು ಯಾವುದಾದರೂ ಹೆಜ್ಜೆಯನ್ನು ಬಿಟ್ಟರೆ ನರ್ಸ್ ಅವರನ್ನು ತಡೆದು ನಿಲ್ಲಿಸಬಹುದು. ನಮ್ಮಲ್ಲಿ ಇದನ್ನು ಊಹಿಸಿಕೊಳ್ಳಿ. ಉಪನಿರ್ದೇಶಕರು ಶಾಲಾ ತಪಾಸಣೆಗೆ ಬಂದು ಹಲಗೆಯ ಮೇಲೆ ಕಾಗುಣಿತ ತಪ್ಪಿ ಬರೆದಾಗ, ಸೇವೆಗೆ ಸೇರಿ ಆರು ತಿಂಗಳಾದ ಸಹ ಶಿಕ್ಷಕಿ ಎದ್ದು ನಿಂತು "ಸರ್, ತಿದ್ದಿರಿ" ಎಂದ ಹಾಗೆ! ನಾನೇ ಮುಖ್ಯೋಪಾಧ್ಯಾಯನ ಪ್ರಭಾರದಲ್ಲಿದ್ದಾಗ ಎಷ್ಟು ಜನ ನನ್ನನ್ನು ಹೀಗೆ ತಡೆದಾರು, ಎಷ್ಟು ಸಲ ನಾನು ತಡೆಸಿಕೊಂಡೇನು ಎಂದು ಯೋಚಿಸಿದೆ. ಲೆಕ್ಕ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಇದೆಲ್ಲವನ್ನೂ ಓದಿದ ಮೇಲೆ ನನಗೆ ಕಾಡತೊಡಗಿದ್ದು ಆ ಸಹಿ. 2008ರ ಜನವರಿ 16ರಂದು, ಅಂದರೆ ಅಣ್ಣನಿಗೆ ಹಾವು ಕಚ್ಚುವುದಕ್ಕೆ ಒಂಬತ್ತು ತಿಂಗಳ ಮೊದಲು, ನಮ್ಮ ಸರ್ವೋಚ್ಚ ನ್ಯಾಯಾಲಯ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಬರೀ ತಪಾಸಣೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಯ ಗರ್ಭಕೋಶವನ್ನು, ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದ ಪ್ರಕರಣವದು. ಚಿಕಿತ್ಸೆ ಎಂಥದು, ಏಕೆ ಬೇಕು, ಬೇರೆ ದಾರಿ ಇದೆಯೇ, ಮುಖ್ಯ ಅಪಾಯಗಳೇನು ಎಂಬುದನ್ನು ರೋಗಿಗೆ ತಿಳಿಸಿಯೇ ಒಪ್ಪಿಗೆ ಪಡೆಯಬೇಕು. ಪ್ರಾಣಕ್ಕೆ ಸಂಚಕಾರವಿಲ್ಲದಾಗ, ಪ್ರಬುದ್ಧ ವಯಸ್ಸಿನ, ಬುದ್ಧಿ ಸ್ಥಿಮಿತವಿರುವ ರೋಗಿಯ ಪರವಾಗಿ ಬೇರೆಯವರ ಒಪ್ಪಿಗೆ ಸಾಲದು ಎಂಬುದು ಅದರ ತಿರುಳು. ತೀರ ಅಪರೂಪದ ಅಪಾಯಗಳನ್ನೆಲ್ಲ ಪಟ್ಟಿ ಮಾಡಿ ಹೆದರಿಸಬೇಕಾಗಿಲ್ಲವೆಂದೂ ಅದು ಹೇಳಿತು.

ಕುತ್ತಿಗೆಯ ಊತ ತೀರ ಅಪರೂಪದ್ದೇ? 2024ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕವೊಂದರ ಪ್ರಕಾರ ಸೂಜಿ ಅಪಧಮನಿಗೆ ತಗಲುವುದು 1000 ನಳಿಗೆಗಳಲ್ಲಿ ಸುಮಾರು 16 ಸಲ. ದಪ್ಪ ನಳಿಗೆಯೇ ಅಪಧಮನಿಯೊಳಗೆ ಹೋಗಿಬಿಡುವುದು ಸುಮಾರು 3 ಸಲ, ಅದು ಬಹಳ ಅಪಾಯದ್ದು. ಶ್ವಾಸಕೋಶ ಮುದುಡುವುದು 4 ಸಲಕ್ಕಿಂತ ಸ್ವಲ್ಪ ಹೆಚ್ಚು. ಅಲ್ಟ್ರಾಸೌಂಡ್ ಬಳಸಿದಲ್ಲಿ ಇವು ಇನ್ನೂ ಕಡಿಮೆ. ಒಂದು ದೊಡ್ಡ ಪ್ರೌಢಶಾಲೆಯ ಎಲ್ಲ ಮಕ್ಕಳನ್ನೂ ಪ್ರಾರ್ಥನೆಯ ಮೈದಾನದಲ್ಲಿ ನಿಲ್ಲಿಸಿದರೆ ಅವರಲ್ಲಿ 16 ಜನ. ಕಡಿಮೆಯೇ, ಆದರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರೂ ಇರುತ್ತದೆ.

"ಸೂಜಿ ಪಕ್ಕದ ನಾಳಕ್ಕೆ ತಾಗಬಹುದು, ತಾಗಿದರೆ ಊದುತ್ತದೆ, ನಾವು ಒತ್ತಿ ನಿಲ್ಲಿಸುತ್ತೇವೆ" ಎಂದು ಯಾರಾದರೂ ಮೂರು ಮಾತು ಹೇಳಿದ್ದರೆ ಅಣ್ಣನ ಮಗನ ಕೈ ಮೇಲೇಳುತ್ತಿರಲಿಲ್ಲ ಎಂದು ನಾನು ನಂಬಿದ್ದೇನೆ. ಮುಂದಿನ ವರ್ಷ, 2009ರಲ್ಲಿ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ ಪ್ರತ್ಯೇಕ ಕಾಯಿದೆಯೇ ಬಂತು. ನಮ್ಮಂಥ ಬಾಗಿಲಲ್ಲಿ ನಿಂತವರೂ ಆ ಕಾಯಿದೆಗೆ ಕಾರಣರು. ಹೇಳದೆ ಇದ್ದದ್ದು ಅವರ ಕಡೆಯ ಲೋಪವೆಂಬುದನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಕೇಳದೆ ಇದ್ದದ್ದು? ಅಣ್ಣ ಪೂರ್ತಿ ಎಚ್ಚರದಲ್ಲಿದ್ದ. ಮಂಚ ನನ್ನಿಂದ ಹತ್ತು ಹೆಜ್ಜೆಯ ದೂರದಲ್ಲಿತ್ತು. ಆಸ್ಪತ್ರೆಯವರು ಅವನನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅವನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು, ನನ್ನ ಬಿ.ಎಡ್. ಫೀಜು ಕಟ್ಟಲು ಎತ್ತಿನ ಜೋಡಿ ಮಾರಿದವನು. ಅವನ ಕುತ್ತಿಗೆಯ ಮೇಲೆ ನಾನು ಸಹಿ ಮಾಡಿದೆ.

ಆ ತರುಣ ವೈದ್ಯ ಎಷ್ಟು ಹೊತ್ತು ಒತ್ತಿ ಹಿಡಿದಿದ್ದನೆಂದು ನಾನು ಗಡಿಯಾರ ನೋಡಲಿಲ್ಲ. ಅರ್ಧ ಗಂಟೆಗೆ ಕಡಿಮೆಯಿರಲಿಲ್ಲ. ರಾತ್ರಿ ಒಂದು ಗಂಟೆಗೆ ಮತ್ತೆ ಬಂದು, ನಮ್ಮ ಯಾರ ಮುಖವನ್ನೂ ನೋಡದೆ, ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಹೋದ. ಗೆರೆ ದಾಟಿ ಬೆಳೆದರೆ ಉಸಿರನಾಳವನ್ನು ಒತ್ತುವ ಭಯವಿತ್ತಂತೆ. ಮೂರು ಗಂಟೆಗೆ ಮತ್ತೆ ಬಂದ, ಐದಕ್ಕೆ ಮತ್ತೆ. ಊತ ಗೆರೆ ದಾಟಲಿಲ್ಲ. ಮರುದಿನ ಹಿರಿಯ ವೈದ್ಯರು ಎಡ ತೊಡೆಯಲ್ಲಿ ಹೊಸ ನಳಿಗೆ ಹಾಕಿದರು. ಹತ್ತೊಂಬತ್ತನೆಯ ದಿನ ಅಣ್ಣನಿಗೆ ಮೂತ್ರ ಬಂತು. ಅಷ್ಟು ಸಂತೋಷವನ್ನು ನಮ್ಮ ಮನೆಯಲ್ಲಿ ಮದುವೆಗಳೂ ತಂದಿರಲಿಲ್ಲ. ಇಪ್ಪತ್ತನಾಲ್ಕನೆಯ ದಿನ ಊರಿಗೆ ಬಂದೆವು. ದನಿ ಮಾತ್ರ ಹದಿನೈದು ದಿನ ಗೊಗ್ಗರಾಗಿತ್ತು. ಆ ವೈದ್ಯನ ಹೆಸರನ್ನು ನಾನು ಕೇಳಲಿಲ್ಲ, ಬಿಡುಗಡೆಯ ದಿನ ಅವನ ಕಣ್ಣಿಗೆ ಬೀಳದಂತೆ ಇನ್ನೊಂದು ಮೆಟ್ಟಿಲಿಂದ ಇಳಿದು ಬಂದೆ.

ನನ್ನ ವಿದ್ಯಾರ್ಥಿನಿ ಹೊರಡುವಾಗ ಟ್ರಂಕಿನಿಂದ ಹಳೆಯ ಫೈಲು ತೆಗೆದು ತೋರಿಸಿದೆ. ಆಕೆ ಬಿಡುಗಡೆ ಪತ್ರದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಬಲ ಕುತ್ತಿಗೆಯಲ್ಲಿ ಅಪಧಮನಿಗೆ ಸೂಜಿ ತಗಲಿ ಊತ, ಒತ್ತುವುದರಿಂದ ನಿಯಂತ್ರಣ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. "ಮುಚ್ಚಿಟ್ಟಿಲ್ರಿ ಸರ, ಬರದಾರ" ಎಂದಳು. ಆ ಕಾಗದ ಹದಿನೇಳು ವರ್ಷ ನನ್ನ ಟ್ರಂಕಿನಲ್ಲೇ ಇತ್ತು. ಅದನ್ನೂ ನಾನು ಓದಿರಲಿಲ್ಲ.

ಅಣ್ಣನಿಗೆ ಮಾತ್ರ ಯಾರ ಮೇಲೂ ಸಿಟ್ಟಿರಲಿಲ್ಲ. ಕುತ್ತಿಗೆಯ ಮೇಲೆ ಜೋಳದ ಕಾಳಿನಷ್ಟು ಒಂದು ಕಲೆ ಉಳಿದಿತ್ತು. ಮೊಮ್ಮಕ್ಕಳು ಕೇಳಿದಾಗಲೆಲ್ಲ ಮೊದಲು ಹಿಮ್ಮಡಿ ತೋರಿಸಿ, ಆಮೇಲೆ ಕುತ್ತಿಗೆ ತೋರಿಸಿ, "ಇಲ್ಲಿ ಹಾವು ಕಡೀತು, ಇಲ್ಲಿ ಡಾಕ್ಟರು ಕಡದ್ರು. ಹಾವು ಓಡಿಹೋತು, ಡಾಕ್ಟರು ಓಡಿಹೋಗಲಿಲ್ಲ" ಎನ್ನುತ್ತಿದ್ದ.